ಉಗಮದಲ್ಲೇ ಸೊರಗಿದ ಬೇಡ್ತಿ

ಕಲಘಟಗಿ: ಹುಬ್ಬಳ್ಳಿಯಿಂದ ಅಂಕೋಲೆಗೆ ಸಾಗುವ ಹೆದ್ದಾರಿಯಲ್ಲಿ ಕಲಘಟಗಿ ತಾಲೂಕನ್ನು ಹಾದುಹೋಗುವ ಪ್ರಯಾಣಿಕರ ಪೈಕಿ ಹೆಚ್ಚಿನವರಿಗೆ ತಾವೊಂದು ನದಿಯನ್ನು ದಾಟಿದೆವೆಂಬ ಅರಿವೇ ಆಗುವುದಿಲ್ಲ. ಆಷಾಢದ ಮಳೆ ಹಿಡಿದಾಗ ಸೇತುವೆಯ ಕೆಳಗೆ ಕೆಂಪು ನೀರು ಭೋರ್ಗರೆದು ಓಡುವುದನ್ನು ಕಂಡವರು ಮಾತ್ರ ಒಂದು ಕ್ಷಣ ತಲೆ ತಿರುಗಿಸಿ ನೋಡುತ್ತಾರೆ. ಶಿವರಾತ್ರಿ ಕಳೆದ ಮೇಲೆ ಅಲ್ಲಿ ಉಳಿಯುವುದು ಅಲ್ಲೊಂದು ಇಲ್ಲೊಂದು ಮಡು ಹಾಗೂ ಪಂಪ್‌ಸೆಟ್ಟಿನ ಕೊಳವೆಗಳು. ಊರವರ ಬಾಯಲ್ಲಿ ಅದು ಹೊಳೆಯೂ ಅಲ್ಲ, ಬರೀ 'ಬೇಡ್ತಿ ಹಳ್ಳ'.

ಈ ಹಳ್ಳವೇ ಮುಂದೆ ಯಲ್ಲಾಪುರ ತಾಲೂಕಿನ ಕಾಡನ್ನು ಹೊಕ್ಕು, ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳದ ಕಣಿವೆಗೆ ಧುಮುಕಿ, ಅಂಕೋಲಾ ತಾಲೂಕಿನಲ್ಲಿ ಗಂಗಾವಳಿ ಎಂಬ ಹೆಸರು ಧರಿಸಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಉತ್ತರ ಕನ್ನಡದಲ್ಲಿ ಇಂದಿಗೂ ದೊಡ್ಡ ಅಣೆಕಟ್ಟೆಗೆ ಸಿಲುಕದೆ ಉಳಿದಿರುವ ನದಿಗಳೆಂದರೆ ಬೇಡ್ತಿ ಮತ್ತು ಅಘನಾಶಿನಿ. ಪಕ್ಕದ ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲು ಸಾಲು ಅಣೆಕಟ್ಟೆಗಳು ಬಂದವು. ಶರಾವತಿಯನ್ನು ಲಿಂಗನಮಕ್ಕಿಯಲ್ಲಿ 1964ರಲ್ಲೇ ಕಟ್ಟಿ ನಿಲ್ಲಿಸಲಾಯಿತು. ಹೀಗಾಗಿ ಬೇಡ್ತಿಯ ಮಾತು ಬಂದಾಗಲೆಲ್ಲ ಅದು ಪಳಗದ, ಸ್ವಚ್ಛಂದ ನದಿಯೆಂದೇ ವರ್ಣನೆ. ಆ ವರ್ಣನೆ ಘಟ್ಟದ ಕಾಡಿನ ಮಟ್ಟಿಗೆ ಸರಿ. ಆದರೆ ನದಿಯ ನೆತ್ತಿ ಇರುವುದು ಧಾರವಾಡ ಜಿಲ್ಲೆಯಲ್ಲಿ. ಅಲ್ಲಿ ಬೇಡ್ತಿ ಪಳಗಿ, ದಣಿದು, ಬತ್ತಿ ದಶಕಗಳೇ ಸಂದಿವೆ. ಅದನ್ನು ಬತ್ತಿಸಿದ್ದು ಯಾವುದೋ ಒಂದು ಬೃಹತ್ ಯೋಜನೆಯಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಎರಡು ತೊರೆಗಳ ಕೂಡಿಕೆ

ನದಿಯ ಮೂಲ ಎರಡು ತೊರೆಗಳಲ್ಲಿದೆ. ಒಂದು ಧಾರವಾಡದ ಸೋಮೇಶ್ವರ ದೇವಸ್ಥಾನದ ಬಳಿ ಹುಟ್ಟುವ ಶಾಲ್ಮಲಾ. ಇನ್ನೊಂದು ಹುಬ್ಬಳ್ಳಿಯ ಸಮೀಪದಿಂದ ಬರುವ ಬೇಡ್ತಿ. ಇವೆರಡೂ ಕಲಘಟಗಿಯ ಪರಿಸರದಲ್ಲಿ ಕೂಡಿ ನದಿಯ ಆಕಾರ ತಾಳುತ್ತವೆ. ಶಿರಸಿ ಸೀಮೆಯಲ್ಲಿ, ಸಹಸ್ರಲಿಂಗದ ಬಂಡೆಗಳ ಮೇಲೆ ಹರಿದು ಬಂದು ಬೇಡ್ತಿಯನ್ನೇ ಸೇರುವ ಶಾಲ್ಮಲಾ ಬೇರೆಯದು. ಹೆಸರು ಒಂದೇ ಆದ್ದರಿಂದ ಗೊಂದಲವಾಗುವುದು ಸಹಜ. ಉಗಮದಿಂದ ಸಮುದ್ರದವರೆಗೆ ನದಿಯ ಉದ್ದ ಸುಮಾರು 150 ಕಿಲೋಮೀಟರ್. ಜಲಾನಯನ ಪ್ರದೇಶ 3,900 ಚದರ ಕಿಲೋಮೀಟರಿನಷ್ಟು. ಧಾರವಾಡಿಗರು ತಮ್ಮ ಶಾಲ್ಮಲೆಯನ್ನು ಗುಪ್ತಗಾಮಿನಿಯೆಂದು ಕರೆಯುವುದು ರೂಢಿ. ಉಗಮದಲ್ಲಿ ಹರಿವೇ ಕಣ್ಣಿಗೆ ಬೀಳದ ಈ ದಿನಗಳಲ್ಲಿ ಆ ಹೆಸರು ಕೊಂಚ ಕಹಿಯಾಗಿಯೇ ಕೇಳಿಸುತ್ತದೆ.

ಧಾರವಾಡ ಜಿಲ್ಲೆಯ ತಾಲೂಕುಗಳಲ್ಲೆಲ್ಲ ಕಲಘಟಗಿಯದು ಬೇರೆಯೇ ಸ್ವಭಾವ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಮಳೆಗಾಗಿ ಮುಗಿಲು ನೋಡುತ್ತಿರುವಾಗ ಇಲ್ಲಿ ಜಿಟಿಜಿಟಿ ಮಳೆ ಹಿಡಿದಿರುತ್ತದೆ. ಪಶ್ಚಿಮಕ್ಕೆ ಸಾಗಿದಂತೆ ಸಾಗುವಾನಿಯ ಕಾಡು ದಟ್ಟವಾಗುತ್ತದೆ. ಸರಕಾರಿ ಕಾಗದಪತ್ರಗಳು ಇದನ್ನು ಅರೆಮಲೆನಾಡು ಎನ್ನುತ್ತವೆ. ಇಲ್ಲಿಯ ಹಳೆಯ ಬೇಸಾಯವೆಂದರೆ ಮಳೆಯನ್ನೇ ನಂಬಿದ ಭತ್ತ. ನಾಟಿ ಹಾಕುವ ಪದ್ಧತಿಯಲ್ಲ. ಮುಂಗಾರಿನ ಮೊದಲ ಹದಕ್ಕೆ ಕೂರಿಗೆಯಿಂದ ಬಿತ್ತಿದ ಬೆಳೆ. ಆಮೇಲೆ ಮಳೆ ನಿಂತು ನೀರು ಕಟ್ಟಿದಾಗ ಗದ್ದೆಯ ಬದು ನೀರನ್ನು ಹಿಡಿಯುತ್ತಿತ್ತು. ಕೆಳಗಿನ ಕೆರೆ ಬಸಿದದ್ದನ್ನು ಹಿಡಿಯುತ್ತಿತ್ತು. ಕೆರೆ ಕೋಡಿ ಬಿದ್ದರೆ ಹಳ್ಳಕ್ಕೆ, ಹಳ್ಳದಿಂದ ಬೇಡ್ತಿಗೆ.

ಈ ಏರ್ಪಾಡಿನಲ್ಲಿ ನದಿಗೆ ಬರುವ ನೀರು ಎರಡು ಬಗೆಯದು. ಮಳೆ ಬಂದ ದಿನವೇ ನೆಲದ ಮೇಲೆ ಓಡಿ ಬರುವುದು ಒಂದು. ಭೂಮಿಯಲ್ಲಿ ಇಂಗಿ, ತಿಂಗಳುಗಟ್ಟಲೆ ನಿಧಾನವಾಗಿ ಒಸರಿ ಬರುವುದು ಇನ್ನೊಂದು. ಮೊದಲನೆಯದು ಹೊಳೆಗೆ ಹುರುಪು ಕೊಡುತ್ತದೆ, ಎರಡನೆಯದು ಆಯುಷ್ಯ. ದೀಪಾವಳಿ ಕಳೆದ ಮೇಲೆ ಹೊಳೆ ಹರಿಯುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಈ ಒಸರಿನ ನೀರೇ. ಬೇಡ್ತಿಯ ಮೇಲ್ಭಾಗದಲ್ಲಿ ಕಳೆದ ಆರೇಳು ದಶಕಗಳಲ್ಲಿ ನಡೆದದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಓಡುವ ನೀರನ್ನು ಪಟ್ಟಣ ಹಿಡಿದುಕೊಂಡಿತು, ಒಸರುವ ನೀರನ್ನು ಹೊಲಗಳು ಮೇಲೆತ್ತಿದವು.

ನೀರಸಾಗರ

ಹುಬ್ಬಳ್ಳಿ ಮೊದಲು ಕುಡಿದದ್ದು ಉಣಕಲ್ ಕೆರೆಯ ನೀರನ್ನು. ರೈಲ್ವೆ ಕಾರ್ಯಾಗಾರ, ಹತ್ತಿ ಪೇಟೆ, ಗಿರಣಿಗಳಿಂದ ಊರು ಬೆಳೆದಂತೆ ಆ ಕೆರೆ ಸಾಲದಾಯಿತು. ಆಗ ಕಣ್ಣಿಗೆ ಬಿದ್ದದ್ದು ಬೇಡ್ತಿ. ಕಲಘಟಗಿ ತಾಲೂಕಿನ ದುಮ್ಮವಾಡದ ಬಳಿ ಹಳ್ಳಕ್ಕೆ ಅಡ್ಡಲಾಗಿ ಒಡ್ಡು ಕಟ್ಟಿ, 1955ರಲ್ಲಿ ನೀರಸಾಗರ ಜಲಾಶಯವನ್ನು ನಿರ್ಮಿಸಲಾಯಿತು. ಕಾಲುವೆಯಿಲ್ಲದ, ವಿದ್ಯುತ್ ಉತ್ಪಾದನೆಯಿಲ್ಲದ ಜಲಾಶಯವಿದು. ಇಪ್ಪತ್ತು ಕಿಲೋಮೀಟರ್ ದೂರದ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸುವುದೇ ಅದರ ಕೆಲಸ. ಮೂರು ದಶಕಗಳ ಕಾಲ ಹುಬ್ಬಳ್ಳಿ ಆ ನೀರಿನ ಮೇಲೆಯೇ ಬದುಕಿತು.

1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡ ಒಂದಾಗಿ ಮಹಾನಗರ ಪಾಲಿಕೆಯಾದವು. ಜನಸಂಖ್ಯೆ ಏರಿದಂತೆ ನೀರಸಾಗರವೂ ಸಾಲದಾಯಿತು. 1980ರ ದಶಕದಲ್ಲಿ ಸವದತ್ತಿಯ ನವಿಲುತೀರ್ಥದ ಬಳಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರನ್ನು ಅವಳಿ ನಗರಕ್ಕೆ ತರಲಾಯಿತು. ಮಲಪ್ರಭೆಯೋ ನವಲಗುಂದ, ನರಗುಂದಗಳ ರೈತರಿಗೆ ಮಾತುಕೊಟ್ಟ ನದಿ. 37 ಟಿಎಂಸಿಗೂ ಮಿಕ್ಕ ಸಾಮರ್ಥ್ಯದ ಆ ಜಲಾಶಯ ಎಷ್ಟೋ ವರ್ಷ ತುಂಬಲೇ ಇಲ್ಲ. ಕಾಲುವೆಯಲ್ಲಿ ನೀರು ಬಾರದಿದ್ದರೂ ಕರ ಕಟ್ಟಬೇಕೆಂಬ ಒತ್ತಾಯದಿಂದ ಸಿಡಿದ ರೈತ ಬಂಡಾಯದಲ್ಲಿ 1980ರ ಜುಲೈ 21ರಂದು ಗೋಲಿಬಾರ್ ನಡೆದದ್ದು ಈ ಸೀಮೆ ಮರೆಯಲಾಗದ ದಿನ. ಮಲಪ್ರಭೆಗೆ ನೀರು ತುಂಬಲು ಮಹಾದಾಯಿಯ ಕಳಸಾ, ಬಂಡೂರಿ ಹಳ್ಳಗಳನ್ನು ತಿರುಗಿಸಬೇಕೆಂಬ ಬೇಡಿಕೆ ಅದರ ಬೆನ್ನಿಗೇ ಬಂದಿತು. ದೀರ್ಘ ಹೋರಾಟದ ತರುವಾಯ 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಹಂಚಿತಾದರೂ ಅದರಲ್ಲಿ ಮಲಪ್ರಭೆಗೆ ತಿರುಗಿಸಲು ದೊರೆತದ್ದು 3.9 ಟಿಎಂಸಿ ಮಾತ್ರ.

ಉಣಕಲ್ ಸಾಲದಾದಾಗ ಬೇಡ್ತಿ, ಬೇಡ್ತಿ ಸಾಲದಾದಾಗ ಮಲಪ್ರಭೆ, ಮಲಪ್ರಭೆ ಸಾಲದಾದಾಗ ಮಹಾದಾಯಿ. ಪ್ರತಿ ಸಲವೂ ಹೊಸ ನದಿಯತ್ತ ಕೈಚಾಚಿದ ಮೇಲೆ ಹಳೆಯದರ ಗತಿಯೇನಾಯಿತೆಂದು ಹಿಂತಿರುಗಿ ನೋಡುವವರು ವಿರಳ. ನೀರಸಾಗರವನ್ನೇ ನೋಡಿ. 2000ದ ದಶಕದ ಆರಂಭದ ಬರದಲ್ಲಿ, ಬಳಿಕ 2010ರ ದಶಕದ ಸತತ ಬರಗಳಲ್ಲಿ ಅದರ ತಳ ಬಿರುಕು ಬಿಟ್ಟಿತು. ಹುಬ್ಬಳ್ಳಿಯ ಬಡಾವಣೆಗಳಲ್ಲಿ ವಾರಕ್ಕೊಮ್ಮೆ ನೀರು ಬಿಡುವ ಕಾಲ ಬಂದಾಗ ಮಾತ್ರ ಆ ಜಲಾಶಯದ ಹೆಸರು ಪತ್ರಿಕೆಗಳಲ್ಲಿ ಕಾಣಿಸಿತು. 2019ರ ಆಗಸ್ಟಿನ ಅತಿವೃಷ್ಟಿಗೆ ಅದು ತುಂಬಿ ಕೋಡಿ ಬಿದ್ದಾಗ ಜನ ಜಾತ್ರೆಗೆ ಬಂದಂತೆ ನೋಡಲು ಬಂದರು. ಪ್ರತಿ ಮಳೆಗಾಲದಲ್ಲೂ ತುಂಬಬೇಕಾದ ಕೆರೆಯೊಂದು ತುಂಬಿದ್ದೇ ಸುದ್ದಿಯಾಗುವುದೆಂದರೆ ಅದರ ಮೇಲ್ಭಾಗದಲ್ಲಿ ಏನೋ ಕೆಟ್ಟಿದೆಯೆಂದೇ ಅರ್ಥ.

ತುಂಬದಿರುವುದೇಕೆ?

ಮಳೆ ಕಡಿಮೆಯಾಯಿತು ಎಂಬುದು ಎಲ್ಲರೂ ಕೊಡುವ ಉತ್ತರ. ಬರದ ವರ್ಷಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಸಾಧಾರಣ ಮಳೆಯಾದ ವರ್ಷಗಳಲ್ಲೂ ಒಳಹರಿವು ಮೊದಲಿನಂತಿಲ್ಲದಿರುವುದಕ್ಕೆ ಮುಗಿಲನ್ನು ದೂರಿ ಫಲವಿಲ್ಲ.

ಬೇಡ್ತಿಯ ಮೇಲಿನ ಪಾತ್ರದ ಹಳ್ಳಗಳಿಗೆ ಒಂದರ ಹಿಂದೊಂದರಂತೆ ಚೆಕ್‌ಡ್ಯಾಂ, ಬಾಂದಾರಗಳು ಬಂದವು. ಜಲಾನಯನ ಅಭಿವೃದ್ಧಿಯ ಹೆಸರಿನಲ್ಲಿ ಬಂದ ಈ ಕೆಲಸಗಳನ್ನು ಕೆಟ್ಟವೆನ್ನಲಾಗದು. ಹೊಲದ ಪಕ್ಕದಲ್ಲಿ ನೀರು ನಿಂತರೆ ರೈತನಿಗೆ ಅದಕ್ಕಿಂತ ಬೇಕಾದದ್ದೇನು? 2014ರ ಬಳಿಕ ಕೃಷಿಭಾಗ್ಯ ಯೋಜನೆಯಡಿ ರಾಜ್ಯದ ಒಣಭೂಮಿಯಲ್ಲೆಲ್ಲ ಕೃಷಿಹೊಂಡಗಳನ್ನು ತೋಡಲು ಸಹಾಯಧನ ದೊರೆಯಿತು. ಹೊಂಡದ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದಲ್ಲಿ ನೀರು ಇಂಗುವ ಪ್ರಶ್ನೆಯೇ ಇಲ್ಲ. ಅದು ಆ ಹೊಲದ ಸ್ವತ್ತು. ಒಂದೊಂದೂ ಚಿಕ್ಕದು, ಒಂದೊಂದಕ್ಕೂ ಸಮರ್ಥನೆಯುಂಟು. ಆದರೆ ನೂರಾರು ಹೊಂಡ, ಹತ್ತಾರು ಒಡ್ಡುಗಳು ಮುಂಗಾರಿನ ಮೊದಲ ತಿಂಗಳುಗಳ ನೀರನ್ನು ಕುಡಿದ ಮೇಲೆ ಉಳಿದದ್ದಷ್ಟೇ ಕೆಳಗಿನ ಜಲಾಶಯದ ಪಾಲು. ಒಂದು ಇಲಾಖೆ ನೀರನ್ನು ಮೇಲೆಯೇ ನಿಲ್ಲಿಸಲು ಹಣ ಕೊಡುತ್ತದೆ. ಇನ್ನೊಂದು ಸಂಸ್ಥೆ ಅದೇ ನೀರು ಕೆಳಗೆ ಬರಲೆಂದು ಕಾಯುತ್ತದೆ. ಎರಡರ ಲೆಕ್ಕಪುಸ್ತಕಗಳು ಒಂದೇ ಮೇಜಿನ ಮೇಲೆ ತೆರೆದುಕೊಂಡರೆ ಈ ವಿಪರ್ಯಾಸ ತಾನಾಗಿಯೇ ಕಾಣಿಸುತ್ತದೆ.

ಇನ್ನು ಕೊಳವೆಬಾವಿ. ತೆರೆದ ಬಾವಿಯ ಕಾಲದಲ್ಲಿ ಎತ್ತು ಎಳೆದಷ್ಟೇ ನೀರು, ಆಳವೂ ಅಷ್ಟಕ್ಕಷ್ಟೆ. ವಿದ್ಯುತ್ ಪಂಪು ಬಂದ ಮೇಲೆ ನೂರಾರು ಅಡಿಯಿಂದ ಹಗಲಿರುಳೂ ನೀರೆತ್ತುವುದು ಸಾಧ್ಯವಾಯಿತು. ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಮೇಲಿದ್ದಾಗ ನೀರು ಭೂಮಿಯಿಂದ ಹಳ್ಳಕ್ಕೆ ಒಸರುತ್ತದೆ. ಮಟ್ಟ ಹಳ್ಳದ ತಳಕ್ಕಿಂತ ಕೆಳಗಿಳಿದರೆ ವ್ಯವಹಾರ ತಿರುಗುಮುರುಗಾಗುತ್ತದೆ. ಹಳ್ಳದಲ್ಲಿ ಬಂದ ಅಲ್ಪಸ್ವಲ್ಪ ನೀರನ್ನೂ ಭೂಮಿಯೇ ಎಳೆದುಕೊಳ್ಳುತ್ತದೆ. ಹೊಳೆಯ ದಂಡೆಯ ಹೊಲದಲ್ಲಿ ಕೊರೆದ ಬಾವಿ ಹೊಳೆಯ ನೀರನ್ನೇ ಬಳಸುದಾರಿಯಿಂದ ಎತ್ತುತ್ತದೆಯೆಂಬುದು ಕಾನೂನಿಗೆ ಇನ್ನೂ ಅರ್ಥವಾಗಬೇಕಾದ ಸಂಗತಿ. ಹೊಳೆಗೆ ಪಂಪು ಇಡಲು ಪರವಾನಗಿ ಬೇಕು. ದಂಡೆಯಲ್ಲಿ ಬಾವಿ ಕೊರೆದರೆ ಕೇಳುವವರು ಕಡಿಮೆ.

ಬೆಳೆಯೂ ಬದಲಾಯಿತು. ಕೂರಿಗೆ ಭತ್ತದ ಗದ್ದೆಗಳು ಕುಗ್ಗಿ ಗೋವಿನಜೋಳ, ಹತ್ತಿ, ಕಬ್ಬು, ಸೋಯಾ ಅವರೆ ಹಬ್ಬಿದವು. ರೈತನ ಲೆಕ್ಕದಲ್ಲಿ ಇದು ಸರಿಯೇ. ಭತ್ತಕ್ಕೆ ಕೂಲಿ ಹೆಚ್ಚು, ಬೆಲೆ ಕಡಿಮೆ. ನೀರಿನ ಲೆಕ್ಕ ಮಾತ್ರ ಬೇರೆ. ಬದು ಕಟ್ಟಿದ ಭತ್ತದ ಗದ್ದೆ ಮಳೆಗಾಲದುದ್ದಕ್ಕೂ ನೀರು ನಿಲ್ಲಿಸಿ ಇಂಗಿಸುವ ಒಂದು ಪುಟ್ಟ ಕೆರೆಯಿದ್ದಂತೆ. ಗೋವಿನಜೋಳಕ್ಕೆ ನೀರು ನಿಲ್ಲುವುದೇ ಬೇಡ. ಬದು ಒಡೆದು, ಬಸಿಗಾಲುವೆ ತೆಗೆದು ಆದಷ್ಟು ಬೇಗ ಹೊರಹಾಕಬೇಕು. ಹಾಗೆ ಹೊರಬಿದ್ದ ನೀರು ಮೇಲ್ಮಣ್ಣನ್ನೂ ಗೊಬ್ಬರವನ್ನೂ ಹೊತ್ತು ಹಳ್ಳಕ್ಕಿಳಿಯುತ್ತದೆ. ಕಬ್ಬಿನ ಕಥೆ ಇನ್ನೊಂದು ಬಗೆ: ಬೇಸಿಗೆಯ ತಿಂಗಳುಗಳಲ್ಲೂ ಅದಕ್ಕೆ ನೀರು ಬೇಕು, ಎಂದರೆ ಹೊಳೆ ಒಸರಿನ ಮೇಲೆಯೇ ಬದುಕಬೇಕಾದ ಕಾಲದಲ್ಲಿ. ಕೆರೆಗಳಲ್ಲಿ ಹೂಳು ತುಂಬಿದ್ದು, ಒಳಕಾಲುವೆಗಳು ಒತ್ತುವರಿಯಾದದ್ದು ಈ ಸೀಮೆಗಷ್ಟೇ ಸೀಮಿತವಾದ ರೋಗವಲ್ಲವಾದ್ದರಿಂದ ಅದನ್ನು ವಿಸ್ತರಿಸಬೇಕಾಗಿಲ್ಲ.

ಈಗ ಕಲಘಟಗಿ ತಾಲೂಕಿನ ಹಳ್ಳಿಗಳಿಗೂ ಮಲಪ್ರಭೆಯ ನೀರನ್ನು ಕೊಳವೆಯಲ್ಲಿ ತರುವ ಬಹುಗ್ರಾಮ ಯೋಜನೆ ರೂಪುಗೊಂಡಿದೆ. ಕುಡಿಯುವ ನೀರಿಗೆ ಪರದಾಡುವ ಮನೆಗಳಿಗೆ ಅದು ಬೇಕಾದದ್ದೇ. ಆದರೆ ಜಿಲ್ಲೆಯಲ್ಲಿ ಹೆಚ್ಚು ಮಳೆ ಪಡೆಯುವ ತಾಲೂಕುಗಳಲ್ಲೊಂದು, ತನ್ನದೇ ನದಿಯ ದಂಡೆಯಲ್ಲಿ ಕುಳಿತು ಸವದತ್ತಿಯ ಜಲಾಶಯದತ್ತ ನೋಡುವಂತಾದದ್ದು ಬೇಡ್ತಿಯ ಇಂದಿನ ಸ್ಥಿತಿಗೆ ಬೇರೆ ಸಾಕ್ಷಿ ಬೇಕಿಲ್ಲದಂತೆ ಮಾಡಿದೆ.

ಘಟ್ಟದ ಕೆಳಗಿನ ವಾದ

ಬೇಡ್ತಿಯ ಕುರಿತ ಸಾರ್ವಜನಿಕ ಚರ್ಚೆ ನಡೆದಿರುವುದೆಲ್ಲ ಕಲಘಟಗಿಯಿಂದ ಕೆಳಗೆ. 1970ರ ದಶಕದ ಕೊನೆಯಲ್ಲಿ 210 ಮೆಗಾವ್ಯಾಟ್ ಸಾಮರ್ಥ್ಯದ ಬೇಡ್ತಿ ಜಲವಿದ್ಯುತ್ ಯೋಜನೆಯ ಪ್ರಸ್ತಾವ ಬಂದಾಗ ಅಡಕೆ ತೋಟಗಳ ಯಲ್ಲಾಪುರ, ಶಿರಸಿ ಸೀಮೆ ಎದ್ದು ನಿಂತಿತು. ಶಿರಸಿಯ ತೋಟಗಾರರ ಸಹಕಾರಿ ಸಂಘ 1981ರ ಜನವರಿಯಲ್ಲಿ ವಿಜ್ಞಾನಿಗಳನ್ನು ಕರೆಸಿ ಯೋಜನೆಯ ಲಾಭ-ನಷ್ಟಗಳನ್ನು ಬಹಿರಂಗವಾಗಿ ತೂಗಿಸಿತು. ರೈತರ ಸಹಕಾರಿ ಸಂಸ್ಥೆಯೊಂದು ಸರಕಾರದ ಯೋಜನಾ ವರದಿಯನ್ನು ಪರಿಣತರ ಮುಂದಿಟ್ಟು ಪ್ರಶ್ನಿಸಿದ್ದು ಆ ಕಾಲಕ್ಕೆ ಅಪರೂಪದ ಘಟನೆ. ಯೋಜನೆ ನಿಂತಿತು. 2011ರಲ್ಲಿ ಕಣಿವೆಯ 57 ಚದರ ಕಿಲೋಮೀಟರಿನಷ್ಟು ಅರಣ್ಯವನ್ನು ಬೇಡ್ತಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು.

ಇತ್ತೀಚಿನ ವಿವಾದ ನದಿ ಜೋಡಣೆಯದು. ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಬೇಡ್ತಿ-ವರದಾ ಯೋಜನೆ ಮೊದಲು ಸುಮಾರು 8.5 ಟಿಎಂಸಿ ನೀರನ್ನು ಪೂರ್ವಕ್ಕೆ, ತುಂಗಭದ್ರೆಯ ಕಡೆಗೆ ತಿರುಗಿಸುವ ಆಲೋಚನೆಯಾಗಿತ್ತು. ಬಳಿಕ ಸಿದ್ಧವಾದ ವಿಸ್ತೃತ ವರದಿಯಲ್ಲಿ ಅದು ಎರಡು ಕವಲುಗಳಾಗಿ, ಒಟ್ಟು ಸುಮಾರು 18.5 ಟಿಎಂಸಿಗೆ ಬೆಳೆದಿದೆ. ಹಾವೇರಿ, ಗದಗ ಮೊದಲಾದ ಬಯಲುಸೀಮೆಯ ಜಿಲ್ಲೆಗಳ ಬಾಯಾರಿಕೆ ಸುಳ್ಳಲ್ಲ. ಘಟ್ಟದವರ ಆತಂಕವೂ ಸುಳ್ಳಲ್ಲ. ಇಬ್ಬರ ನಡುವೆ ಕಾಣೆಯಾಗಿರುವುದು ಒಂದು ಸರಳ ಪ್ರಶ್ನೆ: ಈ ನದಿಯಲ್ಲಿ ಹೆಚ್ಚಾಗಿರುವ ನೀರು ಎಂದರೆ ಯಾವುದು, ಎಷ್ಟು?

ಯೋಜನೆಗಳ ಭಾಷೆಯಲ್ಲಿ ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷ ಖಂಡಿತ ಸಿಗಬಹುದಾದ ನೀರನ್ನು ಲೆಕ್ಕ ಹಾಕಿ, ಜಲಾನಯನದೊಳಗಿನ ಅಗತ್ಯಗಳನ್ನು ಅದರಿಂದ ಕಳೆದು, ಉಳಿದದ್ದನ್ನು ಹೆಚ್ಚುವರಿ ಎನ್ನಲಾಗುತ್ತದೆ. ಈ ಲೆಕ್ಕ ವರ್ಷದ ಮೊತ್ತದ ಮೇಲೆ ನಿಂತದ್ದು. ಬೇಡ್ತಿಯ ಮೊತ್ತದ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳ ಮಹಾಪೂರದ ನೀರು. ಫೆಬ್ರುವರಿ, ಮಾರ್ಚ್‌ಗಳಲ್ಲಿ ಮಾಗೋಡಿನ ಧಾರೆ ನೂಲೆಳೆಯಾಗುತ್ತದೆ. ಕಲಘಟಗಿಯ ಕಡೆಯಿಂದ ಬರುವ ಹರಿವು ಅಷ್ಟರಲ್ಲಿ ಹೆಚ್ಚುಕಡಿಮೆ ನಿಂತಿರುತ್ತದೆ. ಜಲಪಾತವನ್ನು ಜೀವಂತವಾಗಿ ಇಡುವುದು ಕಾಡಿನ ತೊರೆಗಳು ಮಾತ್ರ. ಈಗ ಜೋಡಣೆಗೆಂದು ಗುರುತಿಸಲಾದವು ಪಟ್ಟಣದಹಳ್ಳ, ಶಾಲ್ಮಲಾಹಳ್ಳದಂಥ ಇವೇ ಕಾಡಿನ ತೊರೆಗಳು. ಮೇಲಿನ ಅರ್ಧ ಈಗಾಗಲೇ ಬರಿದಾಗಿರುವ ನದಿಯ ಕೆಳಗಿನ ಅರ್ಧವನ್ನು ಹಂಚುವ ಮಾತಿದು.

ವರ್ಷದ ಮೊತ್ತವನ್ನು ನಂಬಿ ಕೆಟ್ಟ ಉದಾಹರಣೆಗಳು ಜಗತ್ತಿನಲ್ಲಿವೆ. ಅಮೆರಿಕದ ಕೊಲೊರಾಡೊ ನದಿಯ ನೀರನ್ನು ಅಲ್ಲಿಯ ರಾಜ್ಯಗಳು 1922ರಲ್ಲಿ ಒಪ್ಪಂದ ಮಾಡಿ ಹಂಚಿಕೊಂಡವು. ಆ ಹಂಚಿಕೆಗೆ ಆಧಾರವಾದ ಅಳತೆಗಳು ವಾಡಿಕೆಗಿಂತ ಹೆಚ್ಚು ಮಳೆ-ಹಿಮ ಬಿದ್ದ ವರ್ಷಗಳವು. ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿದ ಫಲವಾಗಿ ಆ ನದಿ ಇಂದು ಬಹುತೇಕ ವರ್ಷಗಳಲ್ಲಿ ಸಮುದ್ರವನ್ನೇ ಮುಟ್ಟುವುದಿಲ್ಲ. ಅಷ್ಟು ದೂರ ಹೋಗುವುದೂ ಬೇಡ; ಮಲಪ್ರಭೆಯ ತುಂಬದ ಜಲಾಶಯ ಧಾರವಾಡ ಜಿಲ್ಲೆಯ ರೈತರ ಕಣ್ಣ ಮುಂದೆಯೇ ಇದೆ.

ಸಮುದ್ರಕ್ಕೆ ಹೋದ ನೀರು ವ್ಯರ್ಥವೆಂಬ ಮಾತಿಗೂ ಗಂಗಾವಳಿಯ ಮುಖದಲ್ಲಿ ಉತ್ತರವಿದೆ. ಅಂಕೋಲೆ, ಕಾರವಾರ ಪಟ್ಟಣಗಳು ಕುಡಿಯುವುದು ಈ ನದಿಯ ನೀರನ್ನು. ಉಬ್ಬರದ ವೇಳೆ ಒಳನುಗ್ಗುವ ಉಪ್ಪುನೀರನ್ನು ಹಿಂದಕ್ಕೆ ತಳ್ಳುವುದು ಮೇಲಿನಿಂದ ಬರುವ ಸಿಹಿನೀರು. ಅದು ಕ್ಷೀಣಿಸಿದರೆ ದಂಡೆಯ ಬಾವಿಗಳು ಸಪ್ಪೆಯಿಂದ ಉಪ್ಪಾಗುತ್ತವೆ. ಅಳಿವೆಯ ಮೀನು, ಬಳಚು, ಗಜನಿ ಗದ್ದೆಗಳೆಲ್ಲ ನಿಂತಿರುವುದು ಈ ಎರಡು ನೀರುಗಳ ಹದದ ಮೇಲೆ.

ಒಂದೇ ಹೊಳೆ, ಬರವೂ ನೆರೆಯೂ

ಬೇಸಿಗೆಯಲ್ಲಿ ಬತ್ತುವ ಹೊಳೆ ಮಳೆಗಾಲದಲ್ಲಿ ಮೊದಲಿಗಿಂತ ರೌದ್ರವಾಗುವುದು ವಿಚಿತ್ರವೆನಿಸಬಹುದು. ಆದರೆ ನೀರನ್ನು ಇಂಗಿಸುವ ನೆಲ ಕಡಿಮೆಯಾದಾಗ ಎರಡೂ ಒಟ್ಟಿಗೇ ಬರುತ್ತವೆ. ಸಣ್ಣ ಮಳೆಯನ್ನು ಹೊಂಡಗಳು ಹಿಡಿಯುತ್ತವೆ. ಮಹಾಮಳೆಯ ದಿನ ತುಂಬಿದ ಹೊಂಡ ಯಾವುದನ್ನೂ ತಡೆಯಲಾರದು. 2019ರ ಆಗಸ್ಟ್ ಹಾಗೂ 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿ ಹರಿದು ದಂಡೆಯ ಊರುಗಳನ್ನು ಮುಳುಗಿಸಿತು. 2021ರಲ್ಲಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಸೇತುವೆ ಕೊಚ್ಚಿಹೋಗಿ ಆಚೆ ದಡದ ಹಳ್ಳಿಗಳ ಸಂಪರ್ಕ ಕಡಿಯಿತು. ಅದೇ ಮಳೆಗೆ ಕಳಚೆಯಲ್ಲಿ ಗುಡ್ಡಗಳು ಜಾರಿ ತೋಟ, ಮನೆಗಳು ಹೋದವು.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ನೇರವಾಗಿ ಗಂಗಾವಳಿಗೆ ಬಿತ್ತು. ಚತುಷ್ಪಥಕ್ಕಾಗಿ ಗುಡ್ಡದ ಬುಡ ಕಡಿದ ಜಾಗವದು. ರಸ್ತೆ ಬದಿಯ ಚಹಾದಂಗಡಿಯಲ್ಲಿದ್ದವರು, ಲಾರಿಗಳನ್ನು ನಿಲ್ಲಿಸಿದ್ದವರು ಸೇರಿ 11 ಮಂದಿ ಬಲಿಯಾದರು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರಿನ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ನೆಲಸಮ ಮಾಡಿತು. ನದಿಯ ನಡುವೆ ಮಣ್ಣಿನ ದಿಬ್ಬವೇ ಎದ್ದಿತು. ನೀರಿನಡಿಯಲ್ಲಿ ಹೂತುಹೋದ ಲಾರಿಯೊಂದನ್ನು ಹೊರತೆಗೆಯಲು ಎರಡು ತಿಂಗಳಿಗೂ ಮಿಕ್ಕಿ ಬೇಕಾಯಿತು.

ಶಿರೂರಿಗೂ ದುಮ್ಮವಾಡಕ್ಕೂ ನಡುವೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಅಂತರ. ಜಿಲ್ಲೆ ಬೇರೆ, ಕಂದಾಯ ವಿಭಾಗದ ಕಡತ ಬೇರೆ. ಕಲಘಟಗಿಯಲ್ಲಿ ಬೇಡ್ತಿ ಎಂದರೆ ಸಣ್ಣ ನೀರಾವರಿ ಹಾಗೂ ಪಾಲಿಕೆಯ ನೀರು ಸರಬರಾಜಿನ ವಿಷಯ. ಯಲ್ಲಾಪುರದಲ್ಲಿ ಅರಣ್ಯದ ವಿಷಯ. ಅಂಕೋಲೆಯಲ್ಲಿ ಹೆದ್ದಾರಿ, ಮೀನುಗಾರಿಕೆ, ನೆರೆ ಪರಿಹಾರದ ವಿಷಯ. ಇಡೀ ನದಿಯನ್ನು ಒಂದಾಗಿ ನೋಡುವ ಹೊಣೆ ಯಾವ ಮೇಜಿಗೂ ಸೇರಿಲ್ಲ. ಜೋಡಣೆಯ ವರದಿಯಲ್ಲಾದರೂ ನೋಡಬಹುದಾಗಿತ್ತು. ಆದರೆ ಆ ವರದಿಯ ಕೇಂದ್ರವಿರುವುದು ನೀರನ್ನು ಎಲ್ಲಿಂದ ಎತ್ತಬೇಕೆಂಬಲ್ಲಿ, ನದಿ ಎಲ್ಲಿ ಹುಟ್ಟಿ ಎಲ್ಲಿ ನಿಂತಿದೆಯೆಂಬಲ್ಲಿ ಅಲ್ಲ.

ನೀರಸಾಗರದ ಮೇಲ್ಭಾಗದಲ್ಲಿ ಮಾಡಬಹುದಾದ ಕೆಲಸಗಳು ಅಂಥ ದುಬಾರಿಯವೇನಲ್ಲ. ಹೊಸ ಒಡ್ಡುಗಳಿಗೆ ಮಂಜೂರಾತಿ ಕೊಡುವ ಮುನ್ನ ಇರುವ ಒಡ್ಡುಗಳನ್ನು ಎಣಿಸಬಹುದು. ತಾಲೂಕಿನ ಕೆರೆಗಳ ಹೂಳು ತೆಗೆದು ಕೋಡಿಯನ್ನು ಮತ್ತೆ ಹಳ್ಳಕ್ಕೆ ಕೂಡಿಸಬಹುದು. ಹಳ್ಳದ ದಂಡೆಯಲ್ಲಿ ಹೊಸ ಕೊಳವೆಬಾವಿಗೆ ಅಂತರ ನಿಗದಿ ಮಾಡಬಹುದು. ಗದ್ದೆಯ ಬದುವನ್ನು ಉಳಿಸಿಕೊಂಡು ಭತ್ತ ಬೆಳೆಯುವ ರೈತನಿಗೆ, ಕೃಷಿಹೊಂಡಕ್ಕೆ ಕೊಡುವಂತೆಯೇ ಒಂದಿಷ್ಟು ಸಹಾಯಧನ ಕೊಡಬಹುದು. ಆತ ಇಂಗಿಸಿದ ನೀರನ್ನು ಕುಡಿಯುವ ನಗರಕ್ಕೆ ಅದು ಹೊರೆಯಾಗಲಾರದು. 2011ರ ಜನಗಣತಿಯಲ್ಲೇ ಒಂಬತ್ತು ಲಕ್ಷ ದಾಟಿದ್ದ ಅವಳಿ ನಗರದ ನೀರಿನ ಕರದಲ್ಲಿ ಇಂದಿಗೂ ದುಮ್ಮವಾಡದ ಮೇಲಿನ ಹೊಲಗಳಿಗೆಂದು ಕಟ್ಟುವ ಬಾಬತ್ತು ಯಾವುದೂ ಇಲ್ಲ.